ಜಪಾನಿನ ಬೆಟ್ಟದ ಗ್ರೀನ್ ಟೀ ಹಸಿರಾಗೇ ಬರ್ತಿಲ್ಲ, ತಿಳಿ ಹಳದಿ. ಹೀಗೇ ಇರಬೇಕಾ?

ಬಸವನಗುಡಿ_ಬೆಳಗು:

ನಮಸ್ಕಾರ. ಟೀ ಬಗ್ಗೆ ಗೊತ್ತಿರುವವರು ಸ್ವಲ್ಪ ಹೇಳಿ.

ನಮ್ಮ ಚಿಕ್ಕಪ್ಪನ ಮಗ ನಗೋಯಾದಲ್ಲಿ ಕೆಲಸದಲ್ಲಿದ್ದಾನೆ. ಹೋದ ವಾರ ಊರಿಗೆ ಬಂದಾಗ ಅಪ್ಪನಿಗೆ ಅಂತ ಸೆಂಚಾ ಅನ್ನುವ ಗ್ರೀನ್ ಟೀ ತಂದುಕೊಟ್ಟ, 100 ಗ್ರಾಮಿನ ಎರಡು ಪ್ಯಾಕೆಟ್. ಶಿಜುವೊಕಾ ಕಡೆಯ ಬೆಟ್ಟದಲ್ಲಿ ಗಂಡ ಹೆಂಡತಿ ಇಬ್ಬರೇ ನೋಡಿಕೊಳ್ಳುವ ಸಣ್ಣ ತೋಟವಂತೆ, ಪೂರ್ತಿ ಸಾವಯವವಂತೆ. ಈ ಮೇ ತಿಂಗಳ ಕೊಯ್ಲು. ಅಪ್ಪನಿಗೆ ಡಾಕ್ಟರು ಕಾಫಿ ಕಡಿಮೆ ಮಾಡಿ ಅಂದಿದ್ದಾರೆ, ಅದಕ್ಕೆ ಅವನು ನೆನಪಿಟ್ಟು ತಂದಿದ್ದು.

ಪ್ಯಾಕೆಟ್ ಕತ್ತರಿಸಿದಾಗ ವಾಸನೆ ಬಹಳ ಚೆನ್ನಾಗಿತ್ತು. ಎಲೆ ಪುಡಿಪುಡಿ ಇಲ್ಲ. ಒಂದೊಂದೂ ಬತ್ತಿ ಹೊಸೆದ ಹಾಗೆ ಉದ್ದಕ್ಕೆ, ಸೂಜಿಯ ಥರ, ಕಡು ಹಸಿರು. ನಾನು ನೀರು ಕುದಿಸಿ, ಒಂದು ದೊಡ್ಡ ಚಮಚ ಸೊಪ್ಪು ಹಾಕಿ, ಐದು ನಿಮಿಷ ಮುಚ್ಚಿಟ್ಟು ಸೋಸಿದೆ. ಬಣ್ಣ ನೋಡಿ ಬೇಜಾರಾಯ್ತು. ಹಸಿರೇ ಇಲ್ಲ, ಒಣಹುಲ್ಲಿನ ಬಣ್ಣ. ಬಾಯಿಗಿಟ್ಟರೆ ಕಹಿ, ಆಮೇಲೆ ನಾಲಿಗೆಯೆಲ್ಲ ಒಗರು. ಮೇಲೆ ಸಣ್ಣ ಬಿಳಿ ಧೂಳಿನ ಥರ ಏನೋ ತೇಲುತ್ತಿತ್ತು. ಅಪ್ಪ ಒಂದು ಗುಟುಕು ಕುಡಿದು ಸುಮ್ನೆ ಲೋಟ ಪಕ್ಕಕ್ಕಿಟ್ಟರು. ಅವನು ಅಷ್ಟು ದೂರದಿಂದ ತಂದಿದ್ದು, ನನಗೆ ಹೊಟ್ಟೆ ಉರಿಯಿತು.

ಇದಕ್ಕೆ ಮುಂಚೆ ಒಂದು ಸಲ ಯಾರೋ ಕೊಟ್ಟ ಜಪಾನಿ ಟೀ ಕುಡಿದಿದ್ದೆ, ಅದು ಪಚ್ಚೆ ಹಸಿರಾಗಿತ್ತು. ಹಾಗಾದರೆ ಇದು ಹಳೆಯ ಮಾಲೇ? ಆ ಬಿಳಿ ಪುಡಿ ಏನು? ಇನ್ನೊಂದು ಅನುಮಾನ, ತೋಟ ಸುಮಾರು 600 ಮೀಟರ್ ಎತ್ತರದಲ್ಲಿದೆಯಂತೆ, ಅದಕ್ಕೇ ವಿಶೇಷವಂತೆ. ನಮ್ಮ ಬೆಂಗಳೂರೇ 900 ಮೀಟರ್ ಮೇಲಿದೆ ಅಲ್ವಾ, 600 ಮೀಟರ್ ಯಾವ ಎತ್ತರ?

ಚಿಗುರೆಲೆ:

ಮೇಡಂ, ದಯವಿಟ್ಟು ಆ ಟೀಯನ್ನು ಎಸೆಯಬೇಡಿ. ನಿಮ್ಮ ಕೈಯಲ್ಲಿರುವುದು ಒಳ್ಳೆಯ ಮಾಲು. ನಾನು ಆರು ವರ್ಷದಿಂದ ಶಿಜುವೊಕಾದಲ್ಲಿದ್ದೇನೆ, ಇಂಥ ತೋಟಗಳಿಗೆ ವರ್ಷಕ್ಕೊಮ್ಮೆ ಹೋಗಿ ಕೊಯ್ಲಿನ ಎರಡು ದಿನ ಕೈಲಾದ ಸಹಾಯ ಮಾಡಿ ಬರುತ್ತೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಬಿಳಿ ಪುಡಿ. ಅದು ಧೂಳಲ್ಲ, ಎಳೆ ಚಿಗುರಿನ ಮೈಮೇಲಿರುವ ರೋಮ. ಬಲಿತ ಎಲೆಯಲ್ಲಿ ಅದು ಉದುರಿ ಹೋಗಿರುತ್ತದೆ. ಲೋಟದಲ್ಲಿ ತೇಲುತ್ತಿದೆ ಅಂದರೆ ಎಳೆಯ ಚಿಗುರನ್ನೇ ಕೊಯ್ದಿದ್ದಾರೆ ಅಂತ ಅರ್ಥ. ಇಲ್ಲಿಯವರು ಅದನ್ನು ಕಂಡರೆ ಖುಷಿಪಡುತ್ತಾರೆ.

ಬಣ್ಣಕ್ಕೆ ಕಾರಣ ಹಬೆ. ಜಪಾನಿನಲ್ಲಿ ಕೊಯ್ದ ಎಲೆಯನ್ನು ಆದಷ್ಟು ಬೇಗ ಹಬೆಯಲ್ಲಿ ಬೇಯಿಸುತ್ತಾರೆ, ಇಲ್ಲದಿದ್ದರೆ ಅದು ಕಪ್ಪಾಗುತ್ತಾ ಹೋಗುತ್ತದೆ. ಎಷ್ಟು ಹೊತ್ತು ಬೇಯಿಸುತ್ತಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಬಯಲಿನಲ್ಲಿ ಬಿಸಿಲು ಜಾಸ್ತಿ, ಎಲೆ ದಪ್ಪ, ಒಗರು ಜಾಸ್ತಿ. ಆ ಒಗರನ್ನು ಇಳಿಸಲು ಒಂದು ನಿಮಿಷದಿಂದ ಎರಡು ನಿಮಿಷದವರೆಗೆ ಹಬೆ ಕೊಡುತ್ತಾರೆ, ಅದು ಫುಕಾಮುಶಿ. ಅಷ್ಟು ಬೆಂದ ಎಲೆ ಹೊಸೆಯುವಾಗ ಒಡೆದು ಪುಡಿಯಾಗುತ್ತದೆ, ಆ ಪುಡಿ ನೀರಿಗೆ ಇಳಿದು ಲೋಟ ಪಚ್ಚೆಯಾಗಿ ಕಾಣುತ್ತದೆ. ನೀವು ಹಿಂದೆ ಕುಡಿದದ್ದು ಅದೇ ಇರಬೇಕು. ಬೆಟ್ಟದ ಎಲೆ ತೆಳು, ಮೆದು. ಅದಕ್ಕೆ 30ರಿಂದ 40 ಸೆಕೆಂಡ್ ಹಬೆ ಸಾಕು. ಎಲೆ ಒಡೆಯದೆ ಇಡಿಯಾಗಿ ಉಳಿಯುತ್ತದೆ, ಅದಕ್ಕೇ ನಿಮಗೆ ಸೂಜಿಯ ಥರ ಕಂಡಿದ್ದು. ಇಡೀ ಎಲೆಯಿಂದ ಬರುವ ನೀರು ತಿಳಿ, ಸ್ವಲ್ಪ ಹೊನ್ನಿನ ಬಣ್ಣ. ಹಳೆಯ ಮಾಲಾದರೆ ಎಲೆಯೇ ಕಂದು ತಿರುಗಿರುತ್ತದೆ, ವಾಸನೆ ಸತ್ತಿರುತ್ತದೆ. ನಿಮ್ಮದು ಹಾಗಿಲ್ಲ ಅಂತ ನೀವೇ ಬರೆದಿದ್ದೀರಿ.

ಇನ್ನು 600 ಮೀಟರ್. ಬೆಂಗಳೂರು ಇರುವುದು ಸಮಭಾಜಕದಿಂದ 13 ಡಿಗ್ರಿ ಉತ್ತರಕ್ಕೆ. ಶಿಜುವೊಕಾ 35 ಡಿಗ್ರಿ, ಶ್ರೀನಗರಕ್ಕಿಂತಲೂ ಸ್ವಲ್ಪ ಮೇಲೆ. ಇಲ್ಲಿ 600 ಮೀಟರಿನಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ, ಟೀ ಗಿಡ ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ಏಪ್ರಿಲ್ ಕೊನೆಯಲ್ಲೂ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೆ ಚಿಗುರೆಲ್ಲ ಸುಟ್ಟ ಹಾಗೆ ಕಪ್ಪಾಗುತ್ತದೆ. ಅದಕ್ಕೇ ತೋಟದ ತುಂಬ ಕಂಬ ನೆಟ್ಟು ಮೇಲೆ ಫ್ಯಾನ್ ಕಟ್ಟಿರುತ್ತಾರೆ. ರಾತ್ರಿ ಮೇಲಿರುವ ಬೆಚ್ಚಗಿನ ಗಾಳಿಯನ್ನು ಅದು ಗಿಡದ ಮೇಲೆ ತಳ್ಳುತ್ತದೆ. ದಕ್ಷಿಣದ ಕಾಗೋಶಿಮಾ ಬಯಲಿನಲ್ಲಿ ಏಪ್ರಿಲ್ ಮೊದಲಿಗೇ ಕೊಯ್ಲು ಶುರುವಾದರೆ ಇಲ್ಲಿಯ ಬೆಟ್ಟದಲ್ಲಿ ಮೇ ನಡುವಿನವರೆಗೂ ಕಾಯಬೇಕು. ತಡವಾಗಿ ಬಂದ ಚಿಗುರು ಮಾರುಕಟ್ಟೆಗೂ ತಡ, ಬೆಲೆ ಇಳಿದ ಮೇಲೆ. ಆದರೆ ನಿಧಾನಕ್ಕೆ ಬೆಳೆದ ಚಿಗುರಿನ ರುಚಿಯೇ ಬೇರೆ. ಟೀ ಗಿಡದ ಬೇರಿನಲ್ಲಿ ಥಿಯನೈನ್ ಅನ್ನುವ ಅಂಶ ಹುಟ್ಟಿ ಎಲೆಗೆ ಹತ್ತುತ್ತದೆ, ಸಿಹಿ ಮತ್ತು ಒಂಥರಾ ಬೇಳೆಕಟ್ಟಿನ ರುಚಿ ಅದರದ್ದೇ. ಬಿಸಿಲು ಬಿದ್ದಷ್ಟೂ ಅದು ಒಗರಿನ ಕ್ಯಾಟೆಚಿನ್ ಆಗಿ ಬದಲಾಗುತ್ತದೆ. ಕಣಿವೆಯಲ್ಲಿ ಬೆಳಿಗ್ಗೆ ಮಂಜು ಕರಗಲು ಹೊತ್ತಾಗುತ್ತದೆ, ಮಧ್ಯಾಹ್ನ ಮೂರಕ್ಕೆಲ್ಲ ಎದುರಿನ ಗುಡ್ಡದ ನೆರಳು ಬೀಳುತ್ತದೆ. ಬೇರೆ ಕಡೆ ಗಿಡಕ್ಕೆ ಬಟ್ಟೆ ಹೊದಿಸಿ ಮಾಡುವ ನೆರಳನ್ನು ಇಲ್ಲಿ ಗುಡ್ಡವೇ ಕೊಡುತ್ತದೆ.

ಈಗ ಕಹಿ ಏಕೆ ಬಂತು? ಕುದಿಯುವ ನೀರು, ಐದು ನಿಮಿಷ. ಈ ಎಲೆಗೆ ಎರಡೂ ಜಾಸ್ತಿ. ಹೀಗೆ ಮಾಡಿ ನೋಡಿ. ಒಬ್ಬರಿಗೆ 5 ಗ್ರಾಂ, ಅಂದರೆ ಟೀ ಚಮಚದಲ್ಲಿ ತುಂಬಿ ಎರಡು. ನೀರು 150 ಎಂ.ಎಲ್. ಥರ್ಮಾಮೀಟರ್ ಬೇಡ, ನಮ್ಮ ಡಬರಾ ಲೋಟ ಇದೆಯಲ್ಲ, ಕುದಿದ ನೀರನ್ನು ಲೋಟದಿಂದ ಡಬರಾಕ್ಕೆ, ಡಬರಾದಿಂದ ಲೋಟಕ್ಕೆ, ಹೀಗೆ ಮೂರು ನಾಲ್ಕು ಸಲ ಆಡಿಸಿ. ಒಂದೊಂದು ಸಲಕ್ಕೂ ಹೆಚ್ಚುಕಡಿಮೆ ಏಳೆಂಟು ಡಿಗ್ರಿ ಇಳಿಯುತ್ತದೆ. 70ರ ಹತ್ತಿರ ಬಂದಾಗ ಎಲೆಯ ಮೇಲೆ ಹಾಕಿ, ಒಂದು ನಿಮಿಷ ಮುಟ್ಟದೆ ಬಿಡಿ. ಅಲ್ಲಾಡಿಸಬೇಡಿ, ಚಮಚದಲ್ಲಿ ಹಿಂಡಬೇಡಿ. ಆಮೇಲೆ ಕೊನೆಯ ಹನಿಯವರೆಗೂ ಸೋಸಿ, ಕೊನೆಯ ಹನಿಯಲ್ಲೇ ರುಚಿ ಇರುವುದು, ಎಲೆಯಲ್ಲಿ ನೀರು ನಿಂತರೆ ಮುಂದಿನ ಲೋಟ ಕಹಿಯಾಗುತ್ತದೆ. ಎರಡನೇ ಸಲ ಸ್ವಲ್ಪ ಬಿಸಿ ನೀರು, ಹದಿನೈದು ಸೆಕೆಂಡ್ ಸಾಕು. ಮೂರನೇ ಸಲಕ್ಕೆ ಬಿಸಿ ಬಿಸಿ ನೀರೇ ಹಾಕಿ. ಕಾಫಿ ಕುಡಿಯುವ ಡಬರಾ ಮಾತ್ರ ಬೇಡ, ಎಷ್ಟು ಉಜ್ಜಿದರೂ ಅದಕ್ಕೆ ಕಾಫಿ ವಾಸನೆ ಇರುತ್ತದೆ.

ಅಪ್ಪನವರಿಗೆ ಅಂತ ಹೇಳಿದಿರಿ. ಇದರಲ್ಲೂ ಕೆಫೀನ್ ಇದೆ, ಅದು ಗೊತ್ತಿರಲಿ. ತಣ್ಣೀರಿನಲ್ಲಿ ನೆನೆಸಿದರೆ ಕೆಫೀನೂ ಕಡಿಮೆ ಇಳಿಯುತ್ತದೆ, ಒಗರೂ ಕಡಿಮೆ. ಅರ್ಧ ಲೀಟರ್ ನೀರಿಗೆ ಎರಡು ಮೂರು ಚಮಚ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸೋಸಿಕೊಡಿ.

ನೀರಿನ_ಲೆಕ್ಕ:

ಮೇಲಿನವರು ಎಲ್ಲಾ ಹೇಳಿದರು, ಒಂದು ಬಿಟ್ಟರು. ನಿಮ್ಮ ಮನೆಗೆ ಬರುವುದು ಕಾವೇರಿಯೋ ಬೋರ್‌ವೆಲ್ಲೋ?

ಜಪಾನಿನ ನೀರು ಬಹುತೇಕ ಮೆದು. ಈ ಟೀಯನ್ನು ಮಾಡಿರುವುದೇ ಆ ನೀರಿಗೆ. ತೊಗರಿಬೇಳೆ ಬೇಗ ಬೇಯದ ನೀರು, ಗೀಸರಿನಲ್ಲಿ ಬಿಳಿ ಪಕಳೆ ಕಟ್ಟುವ ನೀರು, ಅದರಲ್ಲಿ ಸೆಂಚಾ ಹಾಕಿದರೆ ಸಿಹಿಯೂ ಬರುವುದಿಲ್ಲ, ವಾಸನೆಯೂ ಬರುವುದಿಲ್ಲ, ಬಣ್ಣ ಮಂಕಾಗುತ್ತದೆ. ನಾನು ಎಚ್‌ಎಸ್‌ಆರ್ ಲೇಔಟಿನಲ್ಲಿದ್ದಾಗ ಟ್ಯಾಂಕರ್ ನೀರಿನಲ್ಲಿ ಒಂದಿಡೀ ಪ್ಯಾಕೆಟ್ ಮುಗಿಸಿ, ಈ ಟೀ ನನಗೆ ಆಗಿಬರುವುದಿಲ್ಲ ಅಂದುಕೊಂಡಿದ್ದೆ. ಆಮೇಲೆ ತಂಗಿಯ ಮನೆಯಲ್ಲಿ ಅದೇ ಟೀಯನ್ನು ಕಾವೇರಿ ನೀರಿನಲ್ಲಿ ಮಾಡಿ ಕುಡಿದಾಗ ಬೇರೆ ಟೀ ಅನ್ನಿಸಿತು. ಮನೆಯಲ್ಲಿ ಆರ್‌ಒ ಇದ್ದರೆ ಅದರ ನೀರು ನಡೆಯುತ್ತದೆ. ಹಳೆಯ ಥರದ ಕ್ಯಾಂಡಲ್ ಫಿಲ್ಟರಿನಿಂದ ನೀರಿನ ಗಡಸು ಹೋಗುವುದಿಲ್ಲ, ಕಾಯಿಸಿ ಆರಿಸಿದರೆ ಸ್ವಲ್ಪ ಇಳಿಯುತ್ತದೆ ಅಷ್ಟೇ.

ತೋಟದ_ದಾರಿ:

ಶಿರಸಿ ಕಡೆಯವನು ನಾನು, ಅಡಿಕೆ, ಕಾಳುಮೆಣಸು. ಟೀ ಬಗ್ಗೆ ಏನೂ ಗೊತ್ತಿಲ್ಲ, ಸಾವಯವದ ಬಗ್ಗೆ ಕೇಳಬೇಕಿತ್ತು. ಇಬ್ಬರೇ ನೋಡಿಕೊಳ್ಳುವ ತೋಟ, ಅದೂ ಬೆಟ್ಟದ ಓರೆಯಲ್ಲಿ, ಅಷ್ಟು ಮಳೆ ಬೀಳುವ ಜಾಗದಲ್ಲಿ ಔಷಧಿ ಹೊಡೆಯದೆ ಹೇಗೆ ಸುಧಾರಿಸುತ್ತಾರೆ? ಕೊಳೆ ರೋಗಕ್ಕೆ ನಾವು ಬೋರ್ಡೋ ಹೊಡೆಯದೆ ಒಂದು ಮಳೆಗಾಲ ದಾಟುವುದೂ ಕಷ್ಟ. ಟೀಯಲ್ಲಿ ಎಲೆಯೇ ಬೆಳೆ, ಹುಳ ತಿಂದರೆ ಮಾರುವುದಕ್ಕೆ ಏನು ಉಳಿಯುತ್ತದೆ? ಗೊಬ್ಬರಕ್ಕೆ ಏನು ಮಾಡುತ್ತಾರೆ? ಸರ್ಟಿಫಿಕೇಟ್ ಅಂದರೆ ಅಲ್ಲೂ ಬರೀ ಕಾಗದವೋ, ತೋಟಕ್ಕೆ ಬಂದು ನೋಡುತ್ತಾರೋ? ಗೊತ್ತಿದ್ದರೆ ಬರೆಯಿರಿ, ನಾನು ಮೂರು ಎಕರೆಗೆ ಈ ದಾರಿ ಹಿಡಿಯಬೇಕು ಅಂತ ಯೋಚನೆ ಮಾಡ್ತಾ ಇದ್ದೇನೆ.

ಚಿಗುರೆಲೆ:

ಒಳ್ಳೆಯ ಪ್ರಶ್ನೆ ಸರ್. ಕಂಡದ್ದನ್ನು ಹೇಳುತ್ತೇನೆ.

ಎತ್ತರ ಅಲ್ಲೂ ಕೈಹಿಡಿಯುತ್ತದೆ. ಚಳಿ ಜಾಸ್ತಿ ಇದ್ದಲ್ಲಿ ಹುಳದ ಕಾಟ ಕಡಿಮೆ, ಅದೂ ಮೊದಲ ಕೊಯ್ಲಿನ ಹೊತ್ತಿಗೆ. ಬಯಲಿನಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಕೊಯ್ಯುತ್ತಾರೆ. ಬೆಟ್ಟದವರು ಒಂದೋ ಎರಡೋ ಸಲ ಕೊಯ್ದು ಗಿಡವನ್ನು ಬಿಟ್ಟುಬಿಡುತ್ತಾರೆ. ಬೇಸಿಗೆಯ ಚಿಗುರನ್ನು ಹುಳ ತಿಂದರೆ ತಿನ್ನಲಿ ಅನ್ನುವ ಲೆಕ್ಕ. ಮೊದಲ ಕೆಲವು ವರ್ಷ ಮಾತ್ರ ಬಹಳ ಕಷ್ಟವಂತೆ. ಜಿಗಿಹುಳ, ಕೆಂಪು ನುಸಿ, ಎಲೆ ಸುರುಳಿ ಹುಳ ಎಲ್ಲಾ ಒಟ್ಟಿಗೆ ಏರಿಬರುತ್ತವೆ, ಇಳುವರಿ ಕುಸಿಯುತ್ತದೆ. ಆಮೇಲೆ ಜೇಡ ಮರಳಿ ಬರುತ್ತದೆ. ನಾನು ಹೋದಾಗ ಬೆಳಿಗ್ಗೆ ಗಿಡದ ಸಾಲಿನ ಮೇಲೆಲ್ಲ ಜೇಡರ ಬಲೆ, ಅದರ ತುಂಬ ಇಬ್ಬನಿ, ಇಡೀ ತೋಟಕ್ಕೆ ಸೊಳ್ಳೆಪರದೆ ಹಾಸಿದ ಹಾಗೆ. ಆ ಮನೆಯ ಯಜಮಾನರು ಅದನ್ನೇ ಬೊಟ್ಟು ಮಾಡಿ ತೋರಿಸಿ, ಇದು ನಮ್ಮ ಔಷಧಿ ಅಂದರು.

ಜಪಾನಿನ ತೋಟಗಳಲ್ಲಿ ಬಹುಪಾಲು ಯಾಬುಕಿತಾ ಅನ್ನುವ ಒಂದೇ ತಳಿ. ಶಿಜುವೊಕಾದ ಸುಗಿಯಾಮಾ ಹಿಕೊಸಾಬುರೊ ಅನ್ನುವವರು 1908ರಲ್ಲಿ ಆರಿಸಿದ ಗಿಡದಿಂದ ಬಂದದ್ದು. ರುಚಿ ಒಳ್ಳೆಯದು, ಆದರೆ ಎಲೆಚುಕ್ಕೆ ರೋಗಕ್ಕೆ ಬೇಗ ತುತ್ತಾಗುತ್ತದೆ. ಅದಕ್ಕೇ ಸಾವಯವದವರು ಬೇರೆ ತಳಿಗಳನ್ನೂ ಬೆರೆಸಿ ಹಾಕುತ್ತಾರೆ. ಕೆಲವರ ಹತ್ತಿರ ಬೀಜದಿಂದ ಬಂದ ನಾಟಿ ಗಿಡಗಳೂ ಇವೆ, ಜೈರಾಯಿ ಅನ್ನುತ್ತಾರೆ, ಒಂದೊಂದು ಗಿಡದ ಎಲೆಯೂ ಒಂದೊಂದು ಬಣ್ಣ.

ಗೊಬ್ಬರಕ್ಕೆ ಹಿಂಡಿ, ಮೀನಿನ ಪುಡಿ. ಜೊತೆಗೆ ಹುಲ್ಲು, ಇದು ನಿಮಗೆ ಇಷ್ಟವಾಗುತ್ತದೆ. ತೋಟದ ಪಕ್ಕದಲ್ಲೇ ಹುಲ್ಲುಗಾವಲು ಉಳಿಸಿಕೊಂಡಿರುತ್ತಾರೆ, ಚಾಗುಸಾಬಾ ಅಂತ ಅದರ ಹೆಸರು. ಚಳಿಗಾಲದ ಮುಂಚೆ ಅಲ್ಲಿಯ ಹುಲ್ಲನ್ನು ಕೊಯ್ದು, ಒಣಗಿಸಿ, ಕತ್ತರಿಸಿ, ಟೀ ಸಾಲಿನ ನಡುವೆ ಹಾಸುತ್ತಾರೆ. ಮಣ್ಣು ಕೊಚ್ಚಿ ಹೋಗುವುದಿಲ್ಲ, ಕಳೆ ಏಳುವುದಿಲ್ಲ, ಕೊಳೆತು ಗೊಬ್ಬರವಾಗುತ್ತದೆ. ನಿಮ್ಮ ಸೊಪ್ಪಿನ ಬೆಟ್ಟ ಇದೆಯಲ್ಲ, ಅದೇ. ಶಿಜುವೊಕಾದ ಈ ಪದ್ಧತಿಯನ್ನು 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಗತ್ತಿನ ಮುಖ್ಯ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಸರ್ಟಿಫಿಕೇಟ್ ಬರೀ ಕಾಗದವಲ್ಲ. ಜೆಎಎಸ್ ಅನ್ನುವ ಸರ್ಕಾರಿ ನಿಯಮ, ಸಾವಯವಕ್ಕೆ ಬಂದದ್ದು 2000ದಲ್ಲಿ. ಟೀಯಂಥ ಬಹುವಾರ್ಷಿಕ ಬೆಳೆಗೆ ಕೊಯ್ಲಿಗೆ ಮುಂಚಿನ ಮೂರು ವರ್ಷ ರಾಸಾಯನಿಕ ಮುಟ್ಟಿರಬಾರದು. ಪ್ರತಿ ವರ್ಷ ತಪಾಸಣೆಗೆ ಬರುತ್ತಾರೆ, ಯಾವ ದಿನ ಏನು ಹಾಕಿದಿರಿ ಅನ್ನುವ ಪುಸ್ತಕ ತೋರಿಸಬೇಕು, ಪಕ್ಕದ ತೋಟದ ಔಷಧಿ ಗಾಳಿಗೆ ಬರದ ಹಾಗೆ ಅಂಚು ಬಿಟ್ಟಿರಬೇಕು. ಬೆಟ್ಟದಲ್ಲಿ ತೋಟಗಳು ಬಿಡಿಬಿಡಿ, ಸುತ್ತ ಕಾಡು. ಹಾಗಾಗಿ ಅದು ಸ್ವಲ್ಪ ಸುಲಭ.

ಕಷ್ಟ ಇರುವುದು ದುಡಿಮೆಯಲ್ಲಿ. ಬಯಲಿನಲ್ಲಿ ಒಬ್ಬ ಮನುಷ್ಯ ಯಂತ್ರದ ಮೇಲೆ ಕೂತು ಕೊಯ್ದುಕೊಂಡು ಹೋಗುತ್ತಾನೆ. ಈ ಓರೆಯಲ್ಲಿ ಆ ಯಂತ್ರ ಹತ್ತುವುದಿಲ್ಲ. ಗಂಡ ಸಾಲಿನ ಆ ಬದಿ, ಹೆಂಡತಿ ಈ ಬದಿ, ನಡುವೆ ಬಿಲ್ಲಿನ ಥರ ಬಾಗಿದ ಕೊಯ್ಯುವ ಯಂತ್ರ ಹಿಡಿದು ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಇಡುತ್ತಾರೆ. ಹಿಂದೆ ಉದ್ದದ ಬಟ್ಟೆಚೀಲ, ಅದರಲ್ಲಿ ಸೊಪ್ಪು ತುಂಬುತ್ತಾ ಹೋಗುತ್ತದೆ. ಆ ಚೀಲದ ತುದಿ ಹಿಡಿದುಕೊಂಡು ಹಿಂದೆ ನಡೆಯುವುದೇ ನನಗೆ ಕೊಟ್ಟ ಕೆಲಸ. ಒಂದು ಗಂಟೆಗೇ ಕಾಲು ನಡುಗುತ್ತಿತ್ತು, ಅವರಿಬ್ಬರಿಗೂ 60 ದಾಟಿದೆ. ಸಂಜೆ ಅದೇ ಸೊಪ್ಪನ್ನು ಮನೆ ಪಕ್ಕದ ಶೆಡ್ಡಿನಲ್ಲಿ ಹಬೆಗೆ ಹಾಕಿದರು. ಹಸಿ ಅವರೆಕಾಯಿ ಬೇಯಿಸಿದಾಗ ಬರುತ್ತದಲ್ಲ, ಅಂಥ ವಾಸನೆ ಕಣಿವೆಯ ತುಂಬ. ಆಮೇಲೆ ಹೊಸೆಯುವುದು, ಒಣಗಿಸುವುದು, ಮಧ್ಯರಾತ್ರಿಯವರೆಗೂ. ಐದು ಕಿಲೋ ಹಸಿ ಸೊಪ್ಪಿಗೆ ಒಂದು ಕಿಲೋ ಟೀ. ಮೇಡಂ ಬೆಲೆಯ ಮಾತು ತೆಗೆದಿಲ್ಲ, ಆದರೆ ಕೇಳುವವರಿಗೆ ನಾನು ಹೇಳುವುದು ಇದನ್ನೇ. ಆ ಊರಿನಲ್ಲಿ ಪಕ್ಕದ ಎಷ್ಟೋ ತೋಟ ಆಗಲೇ ಕಾಡಾಗಿದೆ, ಮಕ್ಕಳು ಪಟ್ಟಣದಲ್ಲಿದ್ದಾರೆ.

ಕಡುಹಸಿರು:

ಒಂದು ಮಾತು. ಬಯಲಿನ ಟೀ ಎಂದರೆ ಕಡಿಮೆ ದರ್ಜೆ ಅಂತ ಓದಿದವರಿಗೆ ಅನ್ನಿಸಬಾರದು. ಫುಕಾಮುಶಿ ನನಗೆ ದಿನದ ಟೀ. ದಪ್ಪ, ಒಗರಿಲ್ಲ, ನೀರು ಸ್ವಲ್ಪ ಹೆಚ್ಚುಕಡಿಮೆಯಾದರೂ ಸಹಿಸಿಕೊಳ್ಳುತ್ತದೆ, ಎಲೆಯೇ ಪುಡಿಯಾಗಿ ಹೊಟ್ಟೆಗೆ ಹೋಗುವುದರಿಂದ ತುಂಬಿದ ಹಾಗೂ ಅನ್ನಿಸುತ್ತದೆ. ಅದನ್ನು ಮಕಿನೊಹಾರಾ ಬಯಲಿನವರು ಕಂಡುಕೊಂಡದ್ದು ತಮ್ಮ ಎಲೆಯ ಗುಣ ಅರಿತೇ. ಸಾವಯವವೂ ಬೆಟ್ಟದ ಸ್ವತ್ತೇನಲ್ಲ, ಕಾಗೋಶಿಮಾದಲ್ಲಿ ಸಾವಯವ ಟೀ ಬಹಳ ಬೆಳೆಯುತ್ತಾರೆ. 2024ರಲ್ಲಿ ಒಟ್ಟು ಉತ್ಪಾದನೆಯಲ್ಲಿ ಕಾಗೋಶಿಮಾ ಶಿಜುವೊಕಾವನ್ನೇ ಹಿಂದೆ ಹಾಕಿತು.

ಇನ್ನೊಂದು, ಸಾವಯವ ಸೆಂಚಾದಲ್ಲಿ ಉಮಾಮಿ ಅನ್ನುವ ಆ ಬೇಳೆಕಟ್ಟಿನ ರುಚಿ ಸ್ವಲ್ಪ ತೆಳುವಾಗಿರುತ್ತದೆ. ಸಾರಜನಕ ಸುರಿದಷ್ಟೂ ಆ ರುಚಿ ದಪ್ಪವಾಗುತ್ತದೆ, ಹಿಂಡಿ ಹಾಕುವವರು ಅಷ್ಟು ಸುರಿಯುವುದಿಲ್ಲ. ಬದಲಿಗೆ ಕುಡಿದ ಮೇಲೆ ಗಂಟಲಲ್ಲಿ ಉಳಿಯುವ ತಂಪು, ಸಣ್ಣ ಸಿಹಿ, ಅದನ್ನು ಗಮನಿಸಿ. ಮೇಡಂ, ಹಸಿರು ಬಣ್ಣಕ್ಕೆ ಕಾಯಬೇಡಿ, ಮೂಗಿಗೆ ಹಿಡಿದು ಕುಡಿಯಿರಿ.

ಬಸವನಗುಡಿ_ಬೆಳಗು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಮಾಡಿದೆ. ನಮ್ಮದು ಕಾವೇರಿ ನೀರು, ಆದರೆ ಸಂಪಿನಲ್ಲಿ ಬೋರ್‌ವೆಲ್ ಬೆರೆಯುತ್ತದೆ, ಅದಕ್ಕೆ ಆರ್‌ಒ ನೀರನ್ನೇ ತೆಗೆದುಕೊಂಡೆ. ಹೊಸ ಲೋಟದಿಂದ ಲೋಟಕ್ಕೆ ನಾಲ್ಕು ಸಲ ಆಡಿಸಿದೆ, ಫೋನಿನಲ್ಲಿ ಒಂದು ನಿಮಿಷ ಇಟ್ಟು ಕಾದೆ.

ಬಣ್ಣ ಹೋದ ಸಲಕ್ಕಿಂತಲೂ ತಿಳಿ. ಆದರೆ ಕಹಿ ಇಲ್ಲವೇ ಇಲ್ಲ. ಮೊದಲು ಬಾಯಲ್ಲಿ ಸಪ್ಪೆ ಅನ್ನಿಸಿತು, ನುಂಗಿದ ಮೇಲೆ ಸಿಹಿ ಬಂತು. ಹೇಗೆ ಹೇಳಲಿ, ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುತ್ತದಲ್ಲ, ಅದಕ್ಕಿಂತ ಮೆತ್ತಗೆ. ಅಪ್ಪನಿಗೆ ಏನೂ ಹೇಳದೆ ಕೊಟ್ಟೆ. ಪೇಪರ್ ಓದುತ್ತಾ ಪೂರ್ತಿ ಕುಡಿದರು, ಆಮೇಲೆ "ಇದು ಮೊನ್ನೆಯದೇನಾ?" ಅಂದರು. ಎರಡನೇ ಸಲ ಮಾಡಿದ್ದನ್ನೂ ಕುಡಿದರು.

ಎಲೆ ಬಿಚ್ಚಿಕೊಂಡಿದ್ದನ್ನು ತಟ್ಟೆಯಲ್ಲಿ ಹರಡಿ ನೋಡಿದೆ. ಒಂದು ಮೊಗ್ಗು, ಪಕ್ಕದಲ್ಲಿ ಎರಡು ಎಲೆ, ಹಾಗೇ ಇಡಿಯಾಗಿ ಕೂತಿದೆ, ಈಗ ತಾನೇ ಗಿಡದಿಂದ ಕಿತ್ತ ಹಾಗೆ ಹಸಿರು. ಎಸೆಯೋಕೆ ಮನಸ್ಸು ಬರಲಿಲ್ಲ. ಇದನ್ನು ಏನಾದರೂ ಮಾಡಬಹುದಾ? ಎರಡನೇ ಪ್ಯಾಕೆಟ್ ಎಲ್ಲಿಡಲಿ?

ತೋಟದ_ದಾರಿ:

ಚಿಗುರೆಲೆಯವರೇ, ಇಷ್ಟು ವಿವರ ಬರೆದಿದ್ದಕ್ಕೆ ದೊಡ್ಡ ಉಪಕಾರ. ಅಂಚು ಬಿಡುವ ಮಾತು ನನ್ನ ತಲೆಯಲ್ಲಿ ಇರಲೇ ಇಲ್ಲ, ಪಕ್ಕದ ತೋಟದವರ ಹತ್ತಿರ ಮೊದಲು ಕೂತು ಮಾತಾಡಬೇಕು.

ಮೇಡಂ, ಆ ಎಲೆಯಿಂದ ತಂಬುಳಿ ಮಾಡಿ. ಎಳೆ ಚಿಗುರು, ಔಷಧಿ ಇಲ್ಲ, ಇನ್ನೇನು ಬೇಕು. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಎಲೆಯನ್ನೂ ಒಂದು ಸುತ್ತು ಬಾಡಿಸಿ, ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆ ಹಾಕಿ. ಚಗಟೆ ಸೊಪ್ಪು, ಒಂದೆಲಗ ಎಲ್ಲದಕ್ಕೂ ನಮ್ಮಲ್ಲಿ ಇದೇ ಕ್ರಮ. ಉಪ್ಪು ಕಡಿಮೆ ಹಾಕಿ.

ಚಿಗುರೆಲೆ:

ತಂಬುಳಿ! ಇಲ್ಲಿಯವರು ಆ ಎಲೆಗೆ ಸೋಯಾ ಸಾಸ್ ಹಾಕಿ ತಿನ್ನುತ್ತಾರೆ, ನಾನು ಈ ಭಾನುವಾರವೇ ತಂಬುಳಿ ಮಾಡುತ್ತೇನೆ. ಟೀ ಎಲೆಯನ್ನು ಸಾಮಾನ್ಯವಾಗಿ ತೊಳೆಯದೆ ಹಬೆಗೆ ಹಾಕುತ್ತಾರೆ, ಹಾಗಾಗಿ ಎಲೆಯನ್ನೇ ತಿನ್ನುವುದಾದರೆ ಸಾವಯವದ್ದೇ ಒಳ್ಳೆಯದು.

ಎರಡನೇ ಪ್ಯಾಕೆಟನ್ನು ಒಡೆಯದೆ ಫ್ರಿಜ್ಜಿನಲ್ಲಿಡಿ. ಒಡೆದದ್ದನ್ನು ಡಬ್ಬಿಗೆ ಹಾಕಿ, ಒಗ್ಗರಣೆ ವಾಸನೆ ತಾಗದ ಕಡೆ ಇಟ್ಟು ಒಂದು ತಿಂಗಳೊಳಗೆ ಮುಗಿಸಿ. ಹೊಸದನ್ನೇ ಕುಡಿಯಬೇಕು ಅಂತ ಅವಸರ ಬೇಡ. ನಾನೂರು ವರ್ಷದ ಹಿಂದೆ ಜಪಾನನ್ನು ಆಳಿದ ತೊಕುಗಾವಾ ಇಯೆಯಾಸು ಇದೇ ಶಿಜುವೊಕಾದಲ್ಲಿ ಇದ್ದಾಗ ಬೇಸಿಗೆಯಲ್ಲಿ ಟೀ ಜಾಡಿಗಳನ್ನು ಇಗಾವಾ ಕಡೆಯ ಬೆಟ್ಟದ ತಂಪಿನಲ್ಲಿ ಇಡಿಸಿ, ಶರತ್ಕಾಲಕ್ಕೆ ಕೆಳಗೆ ತರಿಸುತ್ತಿದ್ದ. ಆಗಿನದು ಸೆಂಚಾ ಅಲ್ಲ, ಬೀಸಿ ಕುಡಿಯುವ ಎಲೆ. ಸೆಂಚಾ ಮಾಡುವ ಕ್ರಮ ಬಂದದ್ದು 1738ರಲ್ಲಿ. ಆದರೂ ಬೆಟ್ಟದ ಎಲೆ ಕೆಲವು ತಿಂಗಳು ತಂಪಿನಲ್ಲಿ ಕೂತರೆ ಹಸಿ ವಾಸನೆ ಇಳಿದು ರುಚಿ ದುಂಡಗಾಗುತ್ತದೆ, ಅದನ್ನು ನಾನೇ ಕುಡಿದು ನೋಡಿದ್ದೇನೆ. ದಸರಾ ಹೊತ್ತಿಗೆ ತೆಗೆಯಿರಿ. ಫ್ರಿಜ್ಜಿನಿಂದ ತೆಗೆದ ತಕ್ಷಣ ಮಾತ್ರ ಒಡೆಯಬೇಡಿ, ಒಳಗೆ ನೀರು ಬೆವರುತ್ತದೆ. ರಾತ್ರಿಯೇ ಹೊರಗಿಟ್ಟು, ಬೆಳಿಗ್ಗೆ ಪ್ಯಾಕೆಟ್ ಕೈಗೆ ತಣ್ಣಗೆ ತಾಗದಿದ್ದರೆ ಆಗ ಕತ್ತರಿ ಹಾಕಿ.